ಮಡಿಕೇರಿ ಸುಲಭ, ಕೊಡಗು ಕಷ್ಟ: ಟ್ರಾನ್ಸ್ ಮಹಿಳೆಯರ ಧ್ವನಿ ಅಭ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಡಗಿನ ಸೋಮವಾರಪೇಟೆ ಕಡೆಯವಳು. ಒಂದು ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತೇನೆ, ಅಂದರೆ ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸ. ಧ್ವನಿ ತಿದ್ದಿಕೊಳ್ಳಲು ಹೊರಟ ಟ್ರಾನ್ಸ್ ಮಹಿಳೆಗೆ, ಅಂದರೆ ಹುಟ್ಟಿದಾಗ ಗಂಡು ಅನ್ನಿಸಿಕೊಂಡು ಹೆಣ್ಣಾಗಿ ಬದುಕುವವಳಿಗೆ, ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ. ಶುರು ಮಾಡಿ ನಾಲ್ಕು ವರ್ಷವಾಯಿತು. ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಕಡೆಯಿಂದ ಹುಡುಗಿಯರು ಮೆಸೇಜ್ ಮಾಡಿ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಪ್ರತಿ ಸಲ ಟೈಪ್ ಮಾಡುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರೂ ಅಲ್ಲ, ಸ್ಪೀಚ್ ಥೆರಪಿಸ್ಟೂ ಅಲ್ಲ. ಗಂಟಲು ಕೆಡಿಸಿಕೊಂಡು, ಮತ್ತೆ ಸರಿ ಮಾಡಿಕೊಂಡು ಕಲಿತವಳು, ಅಷ್ಟೇ.

ಹಾರ್ಮೋನ್ ತಗೊಂಡ್ರೆ ಧ್ವನಿ ತಾನಾಗೇ ಬದಲಾಗಲ್ವಾ?

ಇಲ್ಲ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಚರ್ಮ, ಎದೆ, ಮೈಯ ಕೊಬ್ಬು ಎಲ್ಲದರ ಮೇಲೂ ಕೆಲಸ ಮಾಡುತ್ತದೆ, ಧ್ವನಿಯನ್ನು ಮಾತ್ರ ಮುಟ್ಟುವುದಿಲ್ಲ. ಹರೆಯಕ್ಕೆ ಬಂದಾಗ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್‌ನಿಂದ ಗಂಟಲಿನೊಳಗಿನ ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಧ್ವನಿಪೆಟ್ಟಿಗೆ ದೊಡ್ಡದಾಗಿ ಸ್ವಲ್ಪ ಕೆಳಗೆ ಇಳಿಯುತ್ತದೆ. ಒಮ್ಮೆ ಬೆಳೆದದ್ದು ಮಾತ್ರೆಯಿಂದ ಕುಗ್ಗುವುದಿಲ್ಲ. ಟ್ರಾನ್ಸ್ ಗಂಡಸರಿಗೆ ಇದೇ ವಿಷಯ ಅನುಕೂಲವಾಗುತ್ತದೆ: ಟೆಸ್ಟೋಸ್ಟಿರಾನ್ ಶುರು ಮಾಡಿದ ಕೆಲವು ತಿಂಗಳಲ್ಲೇ ಅವರ ಧ್ವನಿ ಒಡೆಯುತ್ತದೆ.

ಇದನ್ನು ನನಗೆ ಮೊದಲು ಯಾರೂ ಹೇಳಿರಲಿಲ್ಲ. ಹತ್ತು ತಿಂಗಳು ದಿನಾ ಬೆಳಿಗ್ಗೆ ಎದ್ದು, ಬಾಗಿಲು ಹಾಕಿಕೊಂಡು, 'ಹಲೋ' ಅಂದು ಪರೀಕ್ಷೆ ಮಾಡುತ್ತಿದ್ದೆ. ಅದೇ ಹಲೋ.

ಪಿಚ್ ಎಷ್ಟು ಏರಿಸಬೇಕು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಿಜ ಹೇಳಬೇಕೆಂದರೆ ಇದು ಎರಡನೇ ಪ್ರಶ್ನೆ. ಆದರೂ ಲೆಕ್ಕ ತಿಳಿದಿರಲಿ. ಪಿಚ್ ಅಂದರೆ ಶ್ರುತಿ, ಧ್ವನಿ ಎಷ್ಟು ಏರಿದೆ, ಎಷ್ಟು ಇಳಿದಿದೆ ಅನ್ನುವುದು. ಮಾತಾಡುವಾಗ ಗಂಡಸರ ಶ್ರುತಿ ಸರಾಸರಿ 120 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸು, ಹೆಂಗಸರದು 200ರ ಆಸುಪಾಸು. ಸಂಗೀತ ಸ್ವಲ್ಪ ಕಲಿತಿದ್ದರೆ ಹೀಗೆ ನೋಡಿ: 120 ನಿಮ್ಮ 'ಸ' ಆದರೆ, ಅದರ ಶುದ್ಧ 'ಮ' 160, 'ಪ' 180, 'ದ' 200. 'ದ'ವರೆಗೆ ಹೋಗಬೇಕು ಅಂತೇನೂ ಇಲ್ಲ. 'ಮ' ದಾಟಿ 'ಪ' ಹತ್ತಿರ ಆರಾಮಾಗಿ ಕೂತರೆ ಸಾಕಷ್ಟಾಯಿತು. ತಂಬೂರಿ ಆ್ಯಪ್ ಹಾಕಿಕೊಂಡು, 'ಪ' ಹಿಡಿದು, ಅದೇ ಶ್ರುತಿಯಲ್ಲಿ ದಿನಪತ್ರಿಕೆ ಓದುವುದು ನನ್ನ ಹಳೇ ಅಭ್ಯಾಸ. ಓದುತ್ತಾ ಓದುತ್ತಾ ಪ್ಯಾರಾದ ಕೊನೆಗೆ ಬಂದಾಗ ಎಲ್ಲಿಗೆ ಇಳಿದಿದ್ದೀರಿ ಎಂದು ತಂಬೂರಿಯೇ ಹೇಳಿಬಿಡುತ್ತದೆ.

ಬರೀ ಪಿಚ್ ಏರಿಸಿದರೆ ಏನಾಗುತ್ತದೆ ಗೊತ್ತಾ? ಗಂಡಸೊಬ್ಬ ತಮಾಷೆಗೆ ಹೆಂಗಸಿನ ಧ್ವನಿ ಮಾಡಿದ ಹಾಗೆ ಕೇಳುತ್ತದೆ. ಸಂಪಾಜೆ ಕಡೆಯವರು ಯಕ್ಷಗಾನದ ಸ್ತ್ರೀವೇಷ ನೋಡಿಯೇ ಇರುತ್ತೀರಿ. ರಂಗದ ಮೇಲೆ ಆ ಏರು ಧ್ವನಿ ಸೊಗಸು. ಅದೇ ಧ್ವನಿಯಲ್ಲಿ ಸಂತೆಯಲ್ಲಿ ಬೀನ್ಸ್ ರೇಟು ಕೇಳಿದರೆ ಅಂಗಡಿಯವನು ತಲೆ ಎತ್ತಿ ನೋಡುತ್ತಾನೆ.

ಹಾಗಾದ್ರೆ ಮೊದಲನೇ ಪ್ರಶ್ನೆ ಯಾವುದು?

ಧ್ವನಿಯ ಬಣ್ಣ. ಥೆರಪಿಸ್ಟ್‌ಗಳು ರೆಸೊನೆನ್ಸ್ ಅನ್ನುತ್ತಾರೆ. ದೊಡ್ಡ ಕೊಡಪಾನಕ್ಕೂ ಸಣ್ಣ ಚೊಂಬಿಗೂ ಒಂದೇ ಬೆರಳಲ್ಲಿ ತಟ್ಟಿ ನೋಡಿ. ಎರಡರ ಸದ್ದು ಬೇರೆ. ಗಂಟಲಿನಿಂದ ತುಟಿಯವರೆಗಿನ ಕೊಳವೆ ವಯಸ್ಕ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ 14ರಿಂದ 15. ಕೊಳವೆ ಚಿಕ್ಕದಾದಷ್ಟೂ ಧ್ವನಿ ಬೆಳ್ಳಗೆ, ಹಗುರ. ಮೂಳೆ ಬದಲಾಗುವುದಿಲ್ಲ, ಸರಿ. ಆದರೆ ನಾಲಗೆ, ತುಟಿ, ಧ್ವನಿಪೆಟ್ಟಿಗೆ ಇವೆಲ್ಲ ಅಲುಗಾಡುತ್ತವೆ ಅಲ್ವಾ? ಅವನ್ನು ಬಳಸಿಯೇ ಕೊಳವೆಯನ್ನು ಚಿಕ್ಕದು ಮಾಡುವುದು.

ಗಂಟಲ ಮೇಲೆ ಬೆರಳಿಟ್ಟು ಉಗುಳು ನುಂಗಿ. ಗಂಟು ಮೇಲೆ ಹೋಗಿ ಇಳಿಯಿತಾ? ಆಕಳಿಸಿ. ಕೆಳಗೆ ಹೋಯಿತಾ? ಅದೇ ಧ್ವನಿಪೆಟ್ಟಿಗೆ. ಅದನ್ನು ಬಲವಂತವಾಗಿ ಮೇಲೆ ಹಿಡಿದು ನಿಲ್ಲಿಸಬೇಡಿ, ಅಲ್ಲೇ ಎಲ್ಲರ ಗಂಟಲು ಕೆಡುವುದು. ಅದು ಚಲಿಸುತ್ತದೆ ಅಂತ ಗೊತ್ತಾದರೆ ಸಾಕು.

ಈಗ ಪಿಸುಮಾತಿನಲ್ಲಿ 'ಊ' ಅನ್ನಿ. ಆಮೇಲೆ 'ಈ' ಅನ್ನಿ. ಪಿಸುಮಾತಿಗೆ ಪಿಚ್ ಇಲ್ಲ. ಆದರೂ 'ಈ' ಮೇಲಿದೆ, 'ಊ' ಕೆಳಗಿದೆ ಅನಿಸುತ್ತದೆ. ನೀವು ಕೇಳಿಸಿಕೊಂಡದ್ದೇ ಬಣ್ಣ. 'ಈ' ಹೇಳುವಾಗ ನಾಲಗೆ ಮುಂದೆ, ಮೇಲೆ ಇರುತ್ತದೆ, ತುಟಿ ಅಗಲವಾಗುತ್ತದೆ. ಆ ಜಾಗ ನೆನಪಿಟ್ಟುಕೊಂಡು 'ಏ', ಆಮೇಲೆ 'ಆ'. 'ಆ' ಬರುವಾಗ ನಾಲಗೆ ಹಿಂದಕ್ಕೆ ಬೀಳಲು ನೋಡುತ್ತದೆ. ಬೀಳಲು ಬಿಡಬೇಡಿ.

ಅದಕ್ಕೇ ಕನ್ನಡದಲ್ಲಿ ಕೆಲವು ಪದ ಸುಲಭ, ಕೆಲವು ಕಷ್ಟ. 'ಇಲ್ಲಿ ನೀರಿಲ್ಲ', 'ಕಿಟಕಿ', 'ಮಡಿಕೇರಿ', ಇವು ತಾವಾಗೇ ಮುಂದೆ ಬರುತ್ತವೆ. 'ಹೂವು', 'ಊರು', 'ದುಡ್ಡು' ಎಲ್ಲ ಗಂಟಲಿಗೆ ಜಾರುತ್ತವೆ. 'ಕೊಡಗು' ಅಂತೂ ಒಕಾರದಿಂದ ಶುರುವಾಗಿ ಉಕಾರದಲ್ಲಿ ಮುಗಿಯುತ್ತದೆ. ನನ್ನ ಊರಿನ ಹೆಸರನ್ನು ನನ್ನ ಧ್ವನಿಯಲ್ಲಿ ಹೇಳಲು ನನಗೆ ಎಂಟು ತಿಂಗಳು ಬೇಕಾಯಿತು. ನಾನು ದಿನಾ ಹೇಳಿಕೊಳ್ಳುತ್ತಿದ್ದದ್ದು 'ಒಂದು ಮಡಿಕೇರಿ' ಅಂತ. ಬಸ್ಸಿನಲ್ಲಿ ಕಂಡಕ್ಟರ್‌ಗೆ ಹೇಳುವ ಮಾತು. ಮೊದಲ ಪದ ಕಷ್ಟ, ಎರಡನೆಯದು ಸುಲಭ. ಎರಡನೆಯದರ ಬಣ್ಣವನ್ನು ಮೊದಲನೆಯದಕ್ಕೆ ಎಳೆದು ತರುವುದೇ ಅಭ್ಯಾಸ.

ಇನ್ನೊಂದು ವಿಷಯ ಧ್ವನಿಯ ತೂಕ. ಒಂದೇ ಶ್ರುತಿಯಲ್ಲಿ ಧ್ವನಿತಂತುಗಳು ದಪ್ಪಗೆ ಬಡಿದುಕೊಳ್ಳಬಹುದು, ತೆಳ್ಳಗೂ ತಾಗಬಹುದು. ಮಲಗಿದ ಮಗು ಏಳಬಾರದು ಅಂತ ಮೆಲ್ಲಗೆ ಮಾತಾಡುತ್ತೇವಲ್ಲ, ಪಿಸುಗುಟ್ಟದೆ, ಹಾಗೆ. ಆ ತೆಳುವನ್ನು ಇಟ್ಟುಕೊಂಡು ಸದ್ದು ಮಾತ್ರ ನಿಧಾನವಾಗಿ ಜಾಸ್ತಿ ಮಾಡುತ್ತಾ ಹೋಗಿ.

ಮನೆಯಲ್ಲಿ ಎಲ್ಲರೂ ಇರ್ತಾರೆ. ಎಲ್ಲಿ ಅಭ್ಯಾಸ ಮಾಡಲಿ?

ಗಂಟಲಿಗಿಂತ ದೊಡ್ಡ ಕಷ್ಟ ಇದು. ಲೈನ್ ಮನೆಯಲ್ಲಿ ಇರುವವರಿಗೆ ಪಕ್ಕದ ಮನೆಯ ಒಗ್ಗರಣೆ ಸಿಡಿದದ್ದೂ ಕೇಳುತ್ತದೆ. ಅಲ್ಲಿ ನಿಂತು 'ಈ... ಏ... ಆ...' ಅನ್ನುವುದು ಹೇಗೆ?

ಹೊರಗಿನವರು ಹೇಳುತ್ತಾರೆ, 'ನಿಮಗೇನು, ಅಷ್ಟು ದೊಡ್ಡ ಕಾಫಿ ತೋಟ ಇದೆ, ಹೋಗಿ ಕೂಗಿ' ಅಂತ. ದಯವಿಟ್ಟು ಬೆಳಗಿನ ಜಾವ ಒಬ್ಬರೇ ತೋಟದೊಳಗೆ ಹೋಗಬೇಡಿ. ನೀವು ಅಕ್ಕನೋ ಅಣ್ಣನೋ ಅಂತ ಆನೆ ನೋಡುವುದಿಲ್ಲ.

ನನ್ನನ್ನು ಕಾಪಾಡಿದ್ದು ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಒಂದೇ ಕೋಣೆಯಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಅದಕ್ಕಿಂತ ಒಳ್ಳೆಯ ಪರದೆ ಯಾವ ಸ್ಟುಡಿಯೋದಲ್ಲೂ ಇಲ್ಲ. ತೊಂದರೆ ಎರಡು. ಮಳೆಯ ಸದ್ದು ಮೀರಿಸಲು ಗೊತ್ತಿಲ್ಲದೆಯೇ ಜೋರು ಮಾಡುತ್ತೀರಿ, ಧ್ವನಿ ದಪ್ಪವಾಗುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಬರೀ ಮಳೆ ಕೇಳುತ್ತದೆ. ನಾನು ಕಂಬಳಿ ತಲೆ ಮೇಲೆ ಎಳೆದುಕೊಂಡು, ಫೋನನ್ನು ಗದ್ದದ ಕೆಳಗೆ ಇಟ್ಟುಕೊಂಡು ರೆಕಾರ್ಡ್ ಮಾಡುತ್ತಿದ್ದೆ. ಅಮ್ಮ ಒಂದು ದಿನ ಬಾಗಿಲು ತೆಗೆದು ನೋಡಿ, ಚಳಿ ಜ್ವರ ಅಂತ ಮಾತ್ರೆ ತಂದುಕೊಟ್ಟರು. ನುಂಗಿದೆ, ಇನ್ನೇನು ಮಾಡಲಿ.

ಬಚ್ಚಲು ಮನೆ ಅಭ್ಯಾಸಕ್ಕೆ ಪರವಾಗಿಲ್ಲ, ತೀರ್ಪಿಗೆ ಬೇಡ. ಬಚ್ಚಲಲ್ಲಿ ಎಲ್ಲರ ಧ್ವನಿಯೂ ಚೆನ್ನಾಗಿಯೇ ಕೇಳುತ್ತದೆ. ಸ್ಕೂಟರ್ ಓಡಿಸುವಾಗ ಹೆಲ್ಮೆಟ್ ಒಳಗೆ 'ಮ್...' ಅಂತ ಗುನುಗಬಹುದು. ಜಾಗವೇ ಇಲ್ಲದ ದಿನ ಸದ್ದಿಲ್ಲದೆ ನಾಲಗೆಯ ಜಾಗ ಮಾತ್ರ ಅಭ್ಯಾಸ ಮಾಡಿ. ಅದಕ್ಕೂ ಬೆಲೆ ಇದೆ.

ರೆಕಾರ್ಡ್ ಮಾಡಿದ ನನ್ನ ಧ್ವನಿ ನನಗೇ ಕೇಳೋಕೆ ಆಗಲ್ಲ.

ಯಾರಿಗೂ ಆಗುವುದಿಲ್ಲ. ನಮ್ಮ ಧ್ವನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುತ್ತದೆ, ಅದಕ್ಕೇ ಒಳಗಿನಿಂದ ತುಂಬಿದ ಹಾಗೆ ಇರುತ್ತದೆ. ರೆಕಾರ್ಡಿನಲ್ಲಿ ಆ ಭಾಗ ಇಲ್ಲ. ನಮ್ಮಂಥವರಿಗೆ ಅದರ ಮೇಲೆ ಇನ್ನೊಂದು ನೋವು: ಕೇಳಿದ ಕೂಡಲೇ ಹಳೇ ಹೆಸರು ಕೂಗಿದ ಹಾಗಾಗುತ್ತದೆ. ಮೊದಲ ಸಲ ಕೇಳಿ ನಾನು ಎರಡು ವಾರ ಅಭ್ಯಾಸವನ್ನೇ ಬಿಟ್ಟಿದ್ದೆ.

ನನಗೆ ಹೊಂದಿದ ದಾರಿ ಇದು. ಇವತ್ತಿನದನ್ನು ಇವತ್ತೇ ಕೇಳಬೇಡಿ. ಒಂದೇ ವಾಕ್ಯ, ವಾರಕ್ಕೊಮ್ಮೆ ರೆಕಾರ್ಡ್ ಮಾಡಿ ಇಡಿ. ತಿಂಗಳ ಕೊನೆಗೆ ನಾಲ್ಕನ್ನೂ ಸಾಲಾಗಿ ಕೇಳಿ. ಆಗ ಕಿವಿ 'ಛೀ' ಅನ್ನುವುದನ್ನು ಬಿಟ್ಟು 'ಎರಡನೆಯದಕ್ಕಿಂತ ನಾಲ್ಕನೆಯದು ಹಗುರ' ಅನ್ನಲು ಶುರು ಮಾಡುತ್ತದೆ. ಕಂಪ್ಯೂಟರ್ ಇದ್ದವರು ಪ್ರಾಟ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು. ಪಿಚ್ ಜೊತೆ ಧ್ವನಿಯ ಬಣ್ಣ ಹೇಳುವ ಗೆರೆಗಳನ್ನೂ ತೋರಿಸುತ್ತದೆ. ಆದರೆ ದಿನವಿಡೀ ಗೆರೆ ನೋಡುತ್ತಾ ಕೂತರೆ ಮಾತಾಡುವುದೇ ಮರೆತುಹೋಗುತ್ತದೆ.

ಎದುರಿಗೆ ಸಿಕ್ಕಾಗ 'ಅಕ್ಕ' ಅಂತಾರೆ, ಫೋನ್‌ನಲ್ಲಿ ಮಾತ್ರ 'ಹೇಳಿ ಸಾರ್'. ಯಾಕೆ?

ಎದುರಿಗೆ ಸಿಕ್ಕಾಗ ಸೀರೆ, ಕೂದಲು, ಬಳೆ ಎಲ್ಲವೂ ಧ್ವನಿಗೆ ಸಾಕ್ಷಿ ಹೇಳುತ್ತವೆ. ಫೋನಿನಲ್ಲಿ ಧ್ವನಿ ಒಂಟಿ. ಹಳೇ ರೀತಿಯ ಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತದೆ. ಅಂದರೆ ನೀವು ಕಷ್ಟಪಟ್ಟು ಹಿಡಿದ 180 ನೇರವಾಗಿ ಆಚೆ ಹೋಗುವುದೇ ಇಲ್ಲ, ಕೇಳುವವರ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ. ಬಣ್ಣ ಇದ್ದರೆ ಊಹೆ ನಮ್ಮ ಕಡೆ ವಾಲುತ್ತದೆ.

ಮೊದಲ ಎರಡು ಸೆಕೆಂಡಿನಲ್ಲೇ ತೀರ್ಮಾನ ಆಗಿಬಿಡುತ್ತದೆ. ಅದಕ್ಕೇ 'ಹಲೋ'ಗೆ ಬೇರೆಯೇ ಅಭ್ಯಾಸ ಬೇಕು. ಫೋನ್ ಎತ್ತುವ ಮುಂಚೆ ಬಾಯಿ ಮುಚ್ಚಿ 'ಮ್' ಅಂದು ಜಾಗ ಹಿಡಿಯಿರಿ, ಆಮೇಲೆ ಎತ್ತಿ. 'ಹಲೋ' ಓಕಾರದಲ್ಲಿ ಮುಗಿಯುವುದರಿಂದ ನಾನು 'ನಮಸ್ತೇ, ಹೇಳಿ' ಅಂತಲೇ ಶುರು ಮಾಡುತ್ತೇನೆ. ಗಿರಾಕಿಗಳು ಸಂಸ್ಕಾರವಂತೆ ಅಂದುಕೊಳ್ಳುತ್ತಾರೆ!

ಕನ್ನಡದ ಒಂದು ಉಪಕಾರ ನೆನೆಯಲೇಬೇಕು. 'ಬರುತ್ತೇನೆ', 'ಹೋದೆ' ಅನ್ನುವಾಗ ಗಂಡು ಹೆಣ್ಣು ಅಂತ ಭೇದವಿಲ್ಲ. ಹಿಂದಿಯವರು ಬುಕಿಂಗ್‌ಗೆ ಫೋನ್ ಮಾಡಿದಾಗ 'ಕರ್ತಾ ಹೂಂ' ಅನ್ನದೆ 'ಕರ್ತೀ ಹೂಂ' ಅನ್ನಬೇಕು ಎಂದು ನೆನಪಿಟ್ಟುಕೊಳ್ಳುವಷ್ಟರಲ್ಲಿ ಧ್ವನಿ ಕೈಬಿಟ್ಟಿರುತ್ತದೆ.

ಒಂದು ಸಲ ಬ್ಯಾಂಕಿನವರು ಫೋನಿನಲ್ಲಿ ನನ್ನ ಹುಟ್ಟಿದ ದಿನ, ಕೊನೆಯ ನಾಲ್ಕು ಅಂಕಿ ಎಲ್ಲ ಕೇಳಿ, ಎಲ್ಲ ಸರಿ ಹೇಳಿದ ಮೇಲೂ 'ಖಾತೆದಾರರಿಗೇ ಫೋನ್ ಕೊಡಿ' ಅಂದರು. ಮೂರು ಸಲ 'ನಾನೇ' ಅಂದೆ. ಕಟ್ ಮಾಡಿದರು. ಮಾರನೇ ದಿನ ಅರ್ಧ ದಿನದ ರಜೆ ಹಾಕಿ ಬ್ರಾಂಚಿಗೆ ಹೋದೆ. ಅದು ಧ್ವನಿಯ ತಪ್ಪಲ್ಲ. ಆದರೂ ಆ ರಾತ್ರಿ ಒಂದು ಗಂಟೆ ಜಾಸ್ತಿ ಅಭ್ಯಾಸ ಮಾಡಿ ಗಂಟಲು ಕಟ್ಟಿಸಿಕೊಂಡೆ. ಅದು ಮಾತ್ರ ನನ್ನ ತಪ್ಪು.

'ಹೂಂ' ಅನ್ನುವಾಗ, ಕೆಮ್ಮುವಾಗ, ನಗುವಾಗ ಹಳೇ ಧ್ವನಿ ಬಂದುಬಿಡುತ್ತೆ.

'ಹೂಂ' ನಮ್ಮೆಲ್ಲರ ಶತ್ರು. ಯಾರಾದರೂ ಕಥೆ ಹೇಳುವಾಗ ನಡುನಡುವೆ ಹೂಂಗುಟ್ಟುತ್ತೇವಲ್ಲ, ಅದು ಯೋಚನೆ ಇಲ್ಲದೆ ನೇರ ಎದೆಯಿಂದ ಬರುತ್ತದೆ. ಊಕಾರ ಬೇರೆ. ನಾನು ಅದನ್ನು ತಿದ್ದಲು ಹೋಗದೆ ಬದಲಾಯಿಸಿಯೇ ಬಿಟ್ಟೆ: 'ಹೌದಾ', 'ಅಲ್ವಾ', 'ಸರಿ ಸರಿ'. ಕೆಮ್ಮಿಗೆ ಏನೂ ಮಾಡಬೇಕಾಗಿಲ್ಲ, ಕೆಮ್ಮಿಗೆ ಯಾರೂ ಸಾರ್ ಅನ್ನುವುದಿಲ್ಲ. ನಗು ತಾನಾಗಿ ಬದಲಾಗುತ್ತದೆ, ಎಲ್ಲಕ್ಕಿಂತ ಕೊನೆಗೆ.

ಜೋರಾಗಿ ಕೂಗಬೇಕಾದಾಗ ಏನು ಮಾಡೋದು?

ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ತೋಟದ ಆ ತುದಿಯಲ್ಲಿ ಇರುವವರನ್ನು ಕರೆಯಬೇಕು. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ ಎಲ್ಲರ ಜೊತೆ 'ಪೊಲಿ ಪೊಲಿ ದೇವಾ' ಕೂಗಬೇಕು. 1997ರಲ್ಲಿ ಶುರುವಾದ ಕೊಡವ ಹಾಕಿ ಹಬ್ಬಕ್ಕೆ ಹೋದರೆ ಸುಮ್ನೆ ಕೂರಲಾಗುತ್ತದಾ? ಕೂಗುವಾಗ ಧ್ವನಿತಂತುಗಳು ಒತ್ತಿಕೊಂಡು ದಪ್ಪವಾಗಿ ಬಡಿಯುತ್ತವೆ, ತಿಂಗಳುಗಟ್ಟಲೆ ಕಲಿತದ್ದು ಒಂದು ಕ್ಷಣಕ್ಕೆ ಹಾರಿಹೋಗುತ್ತದೆ.

ಮೆಲುದನಿ ಗಟ್ಟಿಯಾದ ಮೇಲೆಯೇ ಇದನ್ನು ಕಲಿಯಿರಿ. ಕೋಣೆಯ ಆಚೆ ಬದಿಯಲ್ಲಿ ಒಬ್ಬರು ಇದ್ದಾರೆ ಅಂದುಕೊಂಡು 'ರೀ...' ಅನ್ನಿ. ಆಮೇಲೆ ಅಂಗಳದ ಆಚೆ. ಆಮೇಲೆ ರಸ್ತೆಯ ಆಚೆ. ಪದವನ್ನು ಎಳೆಯಿರಿ, ಶ್ರುತಿ ಸ್ವಲ್ಪ ಮೇಲಕ್ಕೆ ಬಿಡಿ, ಗಂಟಲು ಬಿಗಿಯುವ ಬದಲು ಹೊಟ್ಟೆಯಿಂದ ಉಸಿರು ಕೊಡಿ. 'ಓಯ್'ಗಿಂತ 'ಏಯ್' ಉತ್ತಮ. ಹಾಕಿ ಹಬ್ಬಕ್ಕೆ ನಾನು ಪೀಪಿ ತಗೊಂಡು ಹೋಗುತ್ತೇನೆ. ಹುತ್ತರಿಯಲ್ಲಿ ಯಾವ ಧ್ವನಿ ಬಂದರೆ ಅದರಲ್ಲೇ ಕೂಗುತ್ತೇನೆ. ನೂರು ಜನರ ನಡುವೆ ಯಾರಿಗೆ ಗೊತ್ತಾಗುತ್ತದೆ?

ಕನ್ನಡದಲ್ಲಿ ಸರಿಯಾಗಿ ಬರುತ್ತೆ, ಮನೆಮಾತಿಗೆ ಬಂದ ಕೂಡಲೇ ಜಾರುತ್ತೆ.

ನನಗೂ ಹಾಗೇ. ನನ್ನ ಮನೆಮಾತು ಅರೆಭಾಷೆ. ಹೊಸ ಧ್ವನಿ ಕಲಿತದ್ದು ಕನ್ನಡದಲ್ಲಿ, ಗಿರಾಕಿಗಳ ಜೊತೆ. ಅಮ್ಮನ ಹತ್ತಿರ ಅರೆಭಾಷೆ ಮಾತಾಡುವಾಗ ಹದಿನೈದು ವರ್ಷದ ಹುಡುಗನ ಧ್ವನಿ ವಾಪಸ್ ಬರುತ್ತಿತ್ತು. ಬಾಯಿಗೆ ಒಂದೊಂದು ಭಾಷೆಯೂ ಒಂದೊಂದು ಅಭ್ಯಾಸ. ಕೊಡವ ತಕ್ಕ್, ಮಲಯಾಳ, ತುಳು, ಯಾವುದೇ ಇರಲಿ, ಆ ಭಾಷೆಯಲ್ಲೂ ಬೇರೆಯಾಗಿ ಕೂತು ಕಲಿಯಬೇಕು. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ, ಅರೆಭಾಷೆ ಕಾರ್ಯಕ್ರಮ ಬರುತ್ತವೆ. ಅಲ್ಲಿನ ಹೆಂಗಸರ ಮಾತಿನ ಜೊತೆ ಜೊತೆಗೇ, ಅರ್ಧ ಸೆಕೆಂಡ್ ಹಿಂದೆ, ಹೇಳುತ್ತಾ ಹೋಗಿ.

ಹಾಗೆ ಕೇಳುವಾಗ ಒಂದು ಗಮನಿಸಿ: ನಮ್ಮ ಕಡೆಯ ಹೆಂಗಸರದ್ದು ಕೀರಲು ಧ್ವನಿಯೇನಲ್ಲ. ಸೋಮವಾರಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿ ಕೇಳಿ. ಎಷ್ಟು ದಪ್ಪ ಧ್ವನಿಯ ಅಜ್ಜಿಯರಿದ್ದಾರೆ! ಆದರೂ ಹೆಂಗಸಿನ ಧ್ವನಿ ಅಂತ ಗೊತ್ತಾಗುತ್ತದೆ. ಸೀರಿಯಲ್ ನಾಯಕಿಯರನ್ನು ಬಿಟ್ಟು ಆ ಅಜ್ಜಿಯರಿಂದ ಕಲಿಯಿರಿ.

ಗಂಟಲು ನೋಯುತ್ತೆ. ಮನೆಮದ್ದು ಏನಾದ್ರೂ?

ನೋವು ಬಂದರೆ ಅವತ್ತಿಗೆ ನಿಲ್ಲಿಸಿ. ಒಂದೇ ಸಲ ಒಂದು ಗಂಟೆ ಮಾಡುವ ಬದಲು ಹತ್ತು ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ಶುರು ಮಾಡುವ ಮುಂಚೆ ಮಕ್ಕಳು ಜೀಪ್ ಓಡಿಸುವ ಹಾಗೆ ತುಟಿ ಅದುರಿಸಿ 'ಬ್ರ್ರ್ರ್' ಅನ್ನಿ. ಇಲ್ಲವೇ ಲೋಟದ ನೀರಿಗೆ ಸ್ಟ್ರಾ ಹಾಕಿ, ಗುಳುಗುಳು ಅನ್ನಿಸುತ್ತಾ ಧ್ವನಿಯನ್ನು ಮೇಲೆ ಕೆಳಗೆ ಜಾರಿಸಿ. ಗಂಟಲಿನ ಬಿಗಿತ ಬಿಡಿಸಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಸಿಕ್ಕಿಲ್ಲ.

ಶುಂಠಿ, ಕಾಳುಮೆಣಸು, ಜೇನು ಎಲ್ಲ ನಮ್ಮಲ್ಲೇ ಸಿಗುತ್ತವೆ, ಕುಡಿಯಿರಿ, ಹಿತವಾಗಿರುತ್ತದೆ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳು ಇರುವುದು ಉಸಿರಿನ ದಾರಿಯಲ್ಲಿ. ಅಲ್ಲಿಗೆ ಮುಟ್ಟುವುದು ಹಬೆ. ರಾತ್ರಿ ಹತ್ತು ಗಂಟೆಗೆ ಕಾಚಂಪುಳಿ ಎಂಬ ನಮ್ಮ ಕಡೆಯ ಕಪ್ಪು ಹುಳಿ ಹಾಕಿದ ಹಂದಿ ಕರಿ ಹೊಡೆದು ಕೂಡಲೇ ಮಲಗಿದರೆ ಹುಳಿ ಮೇಲೆ ಬಂದು ಬೆಳಿಗ್ಗೆ ಧ್ವನಿ ಒರಟಾಗಬಹುದು. ತಿನ್ನಬೇಡಿ ಅನ್ನುವಷ್ಟು ಕಟುಕಿ ನಾನಲ್ಲ, ಸ್ವಲ್ಪ ಬೇಗ ತಿನ್ನಿ.

ಧ್ವನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಲೇಬೇಕು.

ಕಲಿಸುವವರು ಎಲ್ಲಿ ಸಿಗ್ತಾರೆ?

ಗಂಟಲು ತೋರಿಸಲು ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಧ್ವನಿಗೆ ಅಂತಲೇ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅನ್ನುತ್ತಾರೆ. ಮಾನಸಗಂಗೋತ್ರಿಯಲ್ಲಿದೆ, 1960ರ ದಶಕದಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ನಮ್ಮ ಪುಣ್ಯಕ್ಕೆ ಮಡಿಕೇರಿಯಿಂದ 120 ಕಿಲೋಮೀಟರ್ ಅಷ್ಟೇ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ನಮಗೂ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಇದೆ. ಕಂಡಕ್ಟರ್ ಗುರುತಿನ ಚೀಟಿ ನೋಡಿ, ಮುಖ ನೋಡಿ, ಧ್ವನಿ ಕೇಳಿ, ಮತ್ತೆ ಚೀಟಿ ನೋಡುತ್ತಾರೆ. 'ಒಂದು ಮಡಿಕೇರಿ' ಅಂತ ಅಷ್ಟು ಸಲ ಹೇಳಿಕೊಂಡದ್ದು ಸುಮ್ನೆ ಅಲ್ಲ.

ಆಪರೇಷನ್ ಮಾಡಿಸಿದ್ರೆ ಒಂದೇ ಸಲಕ್ಕೆ ಮುಗಿಯಲ್ವಾ?

ಗ್ಲಾಟೊಪ್ಲಾಸ್ಟಿ ಎಂಬ ಆಪರೇಷನ್ ಇದೆ. ಧ್ವನಿತಂತುಗಳ ಮುಂಭಾಗವನ್ನು ಹೊಲಿದು, ಕಂಪಿಸುವ ಉದ್ದ ಕಡಿಮೆ ಮಾಡುತ್ತಾರೆ. ವೀಣೆಯ ತಂತಿಯನ್ನು ಮೆಟ್ಟಿನ ಮೇಲೆ ಒತ್ತಿದ ಹಾಗೆ, ಶ್ರುತಿ ಏರುತ್ತದೆ. ಬಣ್ಣ ಬದಲಾಗುವುದಿಲ್ಲ, ಅದನ್ನು ಆಮೇಲೂ ಕಲಿಯಲೇಬೇಕು. ಧ್ವನಿಯ ಜೋರು ಕಡಿಮೆಯಾಗಬಹುದು, ಒರಟಾಗಲೂಬಹುದು. ಆದ ಮೇಲೆ ಕೆಲವು ದಿನ ಪೂರ್ತಿ ಮೌನ. ಬೇಡ ಅಂತ ನಾನು ಹೇಳುವುದಿಲ್ಲ. ಕಲಿಕೆಯಿಂದ ಎಷ್ಟು ದೂರ ಹೋಗಬಹುದು ಅಂತ ನೋಡಿದ ಮೇಲೆ ಯೋಚಿಸಿ.

ಎಷ್ಟು ದಿನ ಬೇಕು?

ತಿಂಗಳುಗಳು. ಕೆಲವರಿಗೆ ವರ್ಷದ ಮೇಲೆ. ಗೊತ್ತಿಲ್ಲದವರು ಫೋನಿನಲ್ಲಿ ಮೇಡಂ ಅನ್ನುವ ಹೊತ್ತಿಗೆ ನನಗೆ ಒಂದೂವರೆ ವರ್ಷ ಆಗಿತ್ತು.

ಕಲೀಲೇಬೇಕಾ?

ಬೇಡ. ದಪ್ಪ ಧ್ವನಿಯಲ್ಲೇ ನೆಮ್ಮದಿಯಾಗಿರುವ ಗೆಳತಿಯರು ನನಗಿದ್ದಾರೆ, ಅವರು ನನಗಿಂತ ಕಡಿಮೆ ಹೆಂಗಸರೇನಲ್ಲ. ರಾತ್ರಿ ಆಟೋದಲ್ಲಿ ಒಬ್ಬಳೇ ಹೋಗುವಾಗ ಯಾರೂ ತಿರುಗಿ ನೋಡದಿರಲಿ ಅಂತ ನಾನು ಕಲಿತೆ. ನನ್ನ ಕಾರಣ ನಿಮ್ಮದಾಗಬೇಕಿಲ್ಲ.

ಹೊಸ ಧ್ವನಿ ಬಂದ ಮೇಲೆ ಹಳೇದು ಹೋಗಿಬಿಡುತ್ತಾ?

ಹೋಗುವುದಿಲ್ಲ, ಮೂಲೆಯಲ್ಲಿ ಕೂತಿರುತ್ತದೆ. ಅಮ್ಮನಿಗೆ ವಯಸ್ಸಾಗಿದೆ, ಕಿವಿ ಮಂದ. ತೆಳು ಧ್ವನಿ ಅವರಿಗೆ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ಮನೆಯಲ್ಲಿ ನಡುವಿನದೊಂದು ಇಟ್ಟುಕೊಂಡಿದ್ದೇನೆ. ಪೂರಾ ಹಳೇದು ಬೇಕಾಗುವುದು ಕಿತ್ತಳೆ ಹಣ್ಣಾಗುವ ಕಾಲದಲ್ಲಿ, ಮಂಗಗಳು ಬಂದಾಗ. ಹೊಸ ಧ್ವನಿಯಲ್ಲಿ ಎಷ್ಟು ಗದರಿಸಿದರೂ ಅವು ಕೂತಲ್ಲೇ ಸಿಪ್ಪೆ ಸುಲಿಯುತ್ತಿರುತ್ತವೆ. ಹಳೇದರಲ್ಲಿ ಒಂದು ಸಲ 'ಹೋಯ್!' ಅಂದರೆ ಮರ ಖಾಲಿ. ಅಮ್ಮ ಒಳಗಿನಿಂದ 'ಯಾರು ಬಂದದ್ದು?' ಅಂತ ಕೇಳುತ್ತಾರೆ. 'ಯಾರೂ ಇಲ್ಲ, ನಾನೇ' ಅನ್ನುತ್ತೇನೆ.